ಇಂಪ್ಲಾಂಟ್ ಮೇಲಿನ ಹಲ್ಲಿನ ಸೆಟ್ ಬೇಗ ಸಡಿಲವಾಗುತ್ತಿದೆ, ಅನುಭವ ಇದ್ದವರು ತಿಳಿಸಿ

ಕಲಬುರಗಿಯಿಂದ ಪ್ರಶ್ನೆ: ನಮ್ಮ ತಂದೆಯವರಿಗೆ ಕೆಳದವಡೆಯಲ್ಲಿ ಎರಡು ಇಂಪ್ಲಾಂಟ್ ಹಾಕಿಸಿ, ಲೊಕೇಟರ್ (ಇಂಪ್ಲಾಂಟ್ ತಲೆಯ ಮೇಲಿನ ಲೋಹದ ಗುಂಡಿ) ಮೇಲೆ ಕೂರುವ ಸೆಟ್ ಮಾಡಿಸಿದ್ದೇವೆ. ಒಳಗಿನ ನೈಲಾನ್ ರಿಂಗ್ ಬದಲಿಸಿದ ಕೆಲವೇ ತಿಂಗಳಿಗೆ ಮತ್ತೆ ಸಡಿಲವಾಗಿ, ಮಾತನಾಡುವಾಗ ಎದ್ದು ಬರುತ್ತದೆ. ಇನ್ನೂ ಬಿಗಿಯಾದ ರಿಂಗ್ ಹಾಕಿಸೋಣವೇ, ಎರಡೂ ಇಂಪ್ಲಾಂಟ್ ಜೋಡಿಸುವ ಲೋಹದ ಪಟ್ಟಿ, ಅಂದರೆ ಬಾರ್ ಮಾಡಿಸೋಣವೇ? ಜೋಳದ ರೊಟ್ಟಿ ಬಿಡಿಸಬೇಕೇ?

ಚಿತ್ತಾಪುರದಿಂದ: ಅಣ್ಣಾ, ಮೊದಲು ಅಪ್ಪಾಜಿಯವರು ಸೆಟ್ ಹೇಗೆ ಹಾಕಿಕೊಳ್ಳುತ್ತಾರೆ ಎಂದು ಎದುರಿಗೆ ಕುಳಿತು ನೋಡಿ. ನಮ್ಮ ತಾಯಿ ಅದನ್ನು ಬಾಯಿಗಿಟ್ಟು ಹಲ್ಲು ಕಚ್ಚಿ ಕೂರಿಸುತ್ತಿದ್ದರು. ಹಾಗೆ ಕಚ್ಚಿದಾಗ ಸೆಟ್ ವಾರೆಯಾಗಿ ಇಳಿದು ರಿಂಗಿನ ಅಂಚು ಕತ್ತರಿಸಿಹೋಗುತ್ತದೆ. ಎರಡೂ ಬದಿಗೆ ಬೆರಳಿಟ್ಟು ನೇರವಾಗಿ ಒತ್ತಬೇಕು. ತೆಗೆಯುವಾಗಲೂ ಎರಡೂ ಬದಿ ಒಟ್ಟಿಗೆ ಎತ್ತಬೇಕು. ಇದನ್ನು ರೂಢಿ ಮಾಡಿಸಿದ ಮೇಲೆ ರಿಂಗ್ ಬಾಳಿಕೆ ಬಂತು. ಇನ್ನೊಂದು, ಲೊಕೇಟರ್ ನಡುವಿನ ಕುಳಿಯಲ್ಲಿ ರೊಟ್ಟಿಯ ಹಿಟ್ಟು, ಶೇಂಗಾ ಹಿಂಡಿ ಸೇರಿ ಗಟ್ಟಿಯಾಗುತ್ತದೆ. ಆಗ ಸೆಟ್ ಪೂರ್ತಿ ಕೂರುವುದೇ ಇಲ್ಲ, ನಾವು ರಿಂಗ್ ಸವೆದಿದೆ ಎಂದುಕೊಳ್ಳುತ್ತೇವೆ. ದಿನವೂ ಮೃದುವಾದ ಸಣ್ಣ ಬ್ರಷ್‌ನಿಂದ ಆ ಕುಳಿಯನ್ನು ತೊಳೆಯಲಿ. ಸೆಟ್ಟನ್ನು ಟೂತ್‌ಪೇಸ್ಟ್ ಹಚ್ಚಿ ಉಜ್ಜುವುದು, ಬ್ಲೀಚ್‌ನಲ್ಲಿ ನೆನೆಸುವುದು ಎರಡೂ ಬೇಡ.

ಬೀದರ್‌ನಿಂದ, ದಂತ ಲ್ಯಾಬ್ ಕೆಲಸದವನು: ಬಿಗಿ ಹೆಚ್ಚಿದರೆ ಬಾಳಿಕೆ ಹೆಚ್ಚುವುದಿಲ್ಲ. ಲೊಕೇಟರ್‌ನ ಸಾಮಾನ್ಯ ರಿಂಗ್‌ಗಳಲ್ಲಿ ನೀಲಿಯ ಹಿಡಿತ ಸುಮಾರು 680 ಗ್ರಾಂ, ಗುಲಾಬಿಯದು 1360, ಪಾರದರ್ಶಕದ್ದು 2270. ವಯಸ್ಸಾದವರು ಬಿಗಿ ರಿಂಗನ್ನು ಕೀಳಲು ಒಂದೇ ಬದಿಯಿಂದ ಎಳೆಯುತ್ತಾರೆ, ಅಲ್ಲಿಗೆ ಅದರ ಕಥೆ ಮುಗಿಯಿತು. ಬೇಗ ಸವೆಯಲು ಕಾರಣ ಹೆಚ್ಚಾಗಿ ಬೇರೆ ಕಡೆ ಇರುತ್ತದೆ. ಇಂಪ್ಲಾಂಟ್ 10 ಡಿಗ್ರಿಗಿಂತ ಹೆಚ್ಚು ವಾಲಿದ್ದರೆ ಈ ರಿಂಗ್‌ಗಳ ನಡುವಿನ ಮೊಳೆ ಉಜ್ಜಿಹೋಗುತ್ತದೆ. ಅಂಥವರಿಗೆ ನಡುವೆ ಮೊಳೆ ಇಲ್ಲದ ಹಸಿರು, ಕಿತ್ತಳೆ, ಕೆಂಪು ರಿಂಗ್‌ಗಳಿವೆ. ಎರಡನೆಯದು, ಹಿಂಭಾಗದ ವಸಡಿನ ಕೆಳಗೆ ಮೂಳೆ ವರ್ಷ ಕಳೆದಂತೆ ಕರಗುತ್ತದೆ. ಆಗ ಸೆಟ್ ತಕ್ಕಡಿಯಂತೆ ತೂಗಾಡುತ್ತದೆ, ಆ ಭಾರವೆಲ್ಲ ರಿಂಗಿನ ಮೇಲೆ. ಹಿಂದಿನ ಹಲ್ಲುಗಳ ಮೇಲೆ ಬೆರಳಿಟ್ಟು ಒತ್ತಿ ನೋಡಿ: ಮುಂಭಾಗ ಏಳುತ್ತಿದ್ದರೆ ಮೊದಲು ಒಳಪದರ ತುಂಬಿಸಿ, ಅಂದರೆ ರಿಲೈನ್ ಮಾಡಿಸಿ. ಅದಿಲ್ಲದೆ ಎಷ್ಟು ರಿಂಗ್ ಹಾಕಿಸಿದರೂ ಹಣ ವ್ಯರ್ಥ ಎಂದು ಖಡಾಖಂಡಿತವಾಗಿ ಹೇಳುತ್ತೇನೆ. ಒಳಗೆ ಕಪ್ಪು ರಿಂಗ್ ಕಂಡರೂ ತಿಳಿಸಿ, ಅದು ಸೆಟ್ ತಯಾರಿಸುವಾಗ ಬಳಸುವ ತಾತ್ಕಾಲಿಕ ರಿಂಗ್.

ಯಾದಗಿರಿಯಿಂದ: ಬಾರ್ ವಿಷಯ ನಿಧಾನವಾಗಿ ಯೋಚಿಸಿ. ಮಾವನವರಿಗೆ ಬಾರ್ ಇದೆ, ಹಿಡಿತ ಚೆನ್ನಾಗಿದೆ. ಆದರೆ ಅದರ ಅಡಿಯಲ್ಲಿ ದಿನವೂ ಸ್ವಚ್ಛ ಮಾಡುವುದು ನಡುಗುವ ಕೈಗಳಿಗೆ ದೊಡ್ಡ ಕಷ್ಟ, ವಸಡು ಊದಿಕೊಳ್ಳುತ್ತದೆ. ಬಾರನ್ನು ಹಿಡಿಯುವ ಸೆಟ್ಟಿನೊಳಗಿನ ಕ್ಲಿಪ್ ಕೂಡ ಸವೆಯುತ್ತದೆ. ಇಂಪ್ಲಾಂಟ್ ಹಾಕಿದಾಗ ಕೊಟ್ಟ ಕಾರ್ಡನ್ನು ಜೋಪಾನವಾಗಿಡಿ, ಯಾವ ಕಂಪನಿ, ಯಾವ ಅಳತೆ ಎಂದು ಗೊತ್ತಿಲ್ಲದೆ ಸರಿಯಾದ ಬಿಡಿಭಾಗ ತರಿಸುವುದು ಕಷ್ಟ.

ಚಿತ್ತಾಪುರದಿಂದ ಮತ್ತೆ: ರೊಟ್ಟಿ ಬಿಡಿಸಬೇಡಿ, ಪಾಪ. ಮುಂದಿನ ಹಲ್ಲಿನಿಂದ ಕಚ್ಚಿ ಹರಿಯುವುದನ್ನಷ್ಟೇ ಬಿಡಿಸಿ. ನಮ್ಮ ತಾಯಿ ಕಡಕ್ ರೊಟ್ಟಿಯನ್ನು ಸಣ್ಣದಾಗಿ ಮುರಿದು, ಪುಂಡಿ ಪಲ್ಯದಲ್ಲಿ ನೆನೆಸಿ, ಎರಡೂ ಕಡೆ ಹಾಕಿಕೊಂಡು ಅಗಿಯುತ್ತಾರೆ. ಆರು ತಿಂಗಳಿಗೊಮ್ಮೆ ಕೃತಕ ದಂತ ವಿಭಾಗದ ವೈದ್ಯರಿಗೆ ತೋರಿಸುತ್ತೇವೆ.