ಹಲ್ಲು ಚೂಪಾದ್ರೆ ಆಯಸ್ಸು ಮುಗೀತು

ತೀರ್ಥಹಳ್ಳಿ ಕಡೆಯ ಒಂದು ಜಗಲಿ. ಹೊರಗೆ ಜಡಿಮಳೆ, ಒಳಗೆ ಕವಳದ ತಟ್ಟೆ, ನಡುವೆ ಡಬಲ್ ಸ್ಟ್ಯಾಂಡ್ ಹಾಕಿದ ಗೌಡ್ರ ಬೈಕು.

ಗೌಡ್ರು: ಚೈನ್ ಒಂದೇ ಹಾಕಿದ್ರೆ ಸಾಕಲ್ದಾ? ಸ್ಪ್ರಾಕೆಟ್, ಅದೇ ಚೈನ್ ಓಡೂ ಹಲ್ಲಿನ ಚಕ್ರ, ಅದರ ಹಲ್ಲು ಇನ್ನೂ ಚೂಪಾಗೇ ಉಂಟು.

ಭಟ್ರು: ಚೂಪಾಗಿದ್ದೇ ರೋಗ ಮಾರಾಯ್ರೆ! ಹೊಸ ಹಲ್ಲಿನ ತುದಿ ಮೊಂಡು, ಎರಡೂ ಕೆನ್ನೆ ಸಮ. ನಿಮ್ದು ಕೊಕ್ಕೆ ಹಾಗೆ ಒಂದೇ ಕಡೆ ವಾಲಿದೆ. ಅದಕ್ಕೆ ಹೊಸ ಚೈನ್ ತೊಡಿಸಿದ್ರೆ ಅದೂ ಬೇಗ ಸವೀತದೆ. ಹಾಕೂದಾದ್ರೆ ಚೈನು, ಮುಂದಿನ ಸ್ಪ್ರಾಕೆಟ್, ಹಿಂದಿನ ಸ್ಪ್ರಾಕೆಟ್, ಮೂರೂ ಒಟ್ಟಿಗೆ.

ಗೌಡ್ರು: ಹಾಳಾಗಿದೆ ಅಂತ ಗ್ಯಾರಂಟಿ ಎಂತದು?

ಮೇಷ್ಟ್ರು: ಅಳತೆ ಹಿಡೀರಿ. 428 ಅನ್ನೋ ಸೈಜಿನ ಚೈನಿಗೆ ಪಿನ್ನಿಂದ ಪಿನ್ನಿಗೆ 12.7 ಮಿ.ಮೀ., 20 ಕೊಂಡಿಗೆ 254. ಬಿಗಿಯಾಗಿ ಎಳೆದು ಹಿಡಿದಾಗ 259 ಬಂದ್ರೆ ಶೇ. 2ರಷ್ಟು ಉದ್ದ ಆಯ್ತು, ಪೆನ್ಷನ್ ಕೊಡಿ.

ಗೌಡ್ರು: ಕಬ್ಬಿಣ ಹಿಗ್ತದಾ?

ಭಟ್ರು: ಪ್ಲೇಟ್ ಹಿಗ್ಗೂದಿಲ್ಲ. ಒಳಗೆ ಪಿನ್ನು, ಅದರ ಸುತ್ತಿನ ಕೊಳವೆ ಬುಷ್ ಸವೀತವೆ. ಕೊಂಡಿಗೆ ಕೂದಲೆಳೆಯಷ್ಟೇ, ಆದ್ರೆ ಕೊಂಡಿಗಳು ನೂರರ ಹತ್ರ ಇದಾವಲ್ಲ! ಅಡ್ಜಸ್ಟರ್ ತಿರುಗಿಸಿ ಜೋಲು ತೆಗೀಬಹುದು, ಕೊಂಡಿ ಮಾತ್ರ ಹಲ್ಲಿಗೆ ಸರಿಯಾಗಿ ಕೂರೂದಿಲ್ಲ. ಏಯ್ ಮಾಣಿ, ಚೈನಿನ ಎರಡು ತುದಿ ಸೇರಿಸೋ ಆ ಕ್ಲಿಪ್ ಈಗ್ಲೇ ಮುಟ್ಟಬೇಡ!

ಮಾಣಿ: ಚೈನ್ ಬಿಚ್ಚದೆ ಸ್ಪ್ರಾಕೆಟ್ ಹೆಂಗೆ ತೆಗೆಯೂದು?

ಭಟ್ರು: ತೆಗೆಯೂದು ಆಮೇಲೆ, ಮೊದಲು ಮುಂದಿನ ಸ್ಪ್ರಾಕೆಟಿನ ನಟ್ಟು ಸಡಿಲ ಮಾಡು. ಲಾಕ್ ವಾಷರಿನ ಮಡಚಿದ ಕಿವಿ ಉಳಿಯಲ್ಲಿ ನೇರ ಮಾಡಿ, ಒಬ್ಬ ಹಿಂದಿನ ಬ್ರೇಕ್ ಒತ್ತಿ ನಿಲ್ಲಬೇಕು. ಚೈನ್ ಕಳಚಿದ ಮೇಲೆ ಹಿಂದಿನ ಬ್ರೇಕಿಗೂ ಮುಂದಿನ ಸ್ಪ್ರಾಕೆಟಿಗೂ ಸಂಬಂಧ ಕಡೀತು.

ಗೌಡ್ರು: ಹಿಸ್ಸೆ ಆದ ಅಣ್ಣ ತಮ್ಮನ ಹಾಗೆ.

ಮೇಷ್ಟ್ರು: ಕೆಲವು ಗಾಡಿಯಲ್ಲಿ ನಡುವೆ ನಟ್ಟೇ ಇಲ್ಲ, ಎರಡು ಸಣ್ಣ ಬೋಲ್ಟ್, ಒಂದು ಲಾಕ್ ಪ್ಲೇಟ್. ಅದಾದ್ರೆ ಸುಲಭ.

ಮಾಣಿ: ಕವರ್ ಒಳಗೆ ಇಷ್ಟು ಮಣ್ಣಾ! ಎರಡು ಅಡಿಕೆ ಸಸಿ ನೆಡಬಹುದು.

ಭಟ್ರು: ಕೆರೆದು ತೆಗಿ. ಸ್ಪ್ರಾಕೆಟ್ ಹಿಂದೆ ಎಣ್ಣೆ ತಡೆಯೋ ಆಯಿಲ್ ಸೀಲ್ ಜಿನುಗ್ತದಾ ನೋಡು, ಹೊಸದು ಹಾಕೂದಾದ್ರೆ ಈಗ್ಲೇ. ಹಿಂದಿನ ಚಕ್ರ ಇಳಿಸಿದಾಗ ನಡುವಿನ ಹಬ್ ಒಳಗಿನ ರಬ್ಬರುಗಳನ್ನೂ ಒತ್ತಿ ನೋಡು. ಅವು ಸವೆದು ಹೋದ್ರೆ ಹೊಸ ಚೈನಲ್ಲೂ ಜಗ್ಗಾಟ ತಪ್ಪೂದಿಲ್ಲ. ಸ್ಪ್ರಾಕೆಟ್ ಬೋಲ್ಟ್ ಎದುರೆದುರು ಬಿಗಿ ಮಾಡಬೇಕು, ಸುತ್ತಿಕೊಂಡು ಹೋಗೂದಲ್ಲ.

ಗೌಡ್ರು: ಹಳೇ ಚೈನ್ ಗುಜರಿಗೆ ಹಾಕ್ಲಾ?

ಮೇಷ್ಟ್ರು: ತಡೀರಿ! ಹೊಸದರ ಜೊತೆ ಕೊಂಡಿ ಎಣಿಸಿ. ಹಲ್ಲಿನ ಲೆಕ್ಕವೂ ಅದೇ ಇರ್ಲಿ. ಮುಂದೆ 14 ಇದ್ದಲ್ಲಿ 13 ಹಾಕಿದ್ರೆ ಘಾಟಿಯಲ್ಲಿ ಎಳೆತ ಹೆಚ್ಚು, ನೆಟ್ಟಗಿನ ರಸ್ತೆಯಲ್ಲಿ ಎಂಜಿನ್ ಕಿರುಚ್ತದೆ.

ಮಾಣಿ: ಕ್ಲಿಪ್ಪಿನ ಬಾಯಿ ಯಾವ ಕಡೆ?

ಭಟ್ರು: ಚೈನ್ ಓಡುವ ದಿಕ್ಕಿಗೆ ಬೆನ್ನು, ಬಾಯಿ ಹಿಂದಕ್ಕೆ. ಉಲ್ಟಾ ಹಾಕಿದ್ರೆ ಏನಾದ್ರೂ ತಾಗಿ ಹಾರಿ ಹೋಗ್ತದೆ.

ಗೌಡ್ರು: ಈಗ ಒಳ್ಳೆ ವೀಣೆ ತಂತಿ ಹಾಗೆ ಬಿಗಿದು ಬಿಡೂದು!

ಭಟ್ರು: ಅಲ್ಲೇ ಎಲ್ಲರೂ ಕೆಡ್ಸೂದು. ಕೆಳಗಿನ ಸಾಲಿನ ಮಧ್ಯೆ ಬೆರಳಲ್ಲಿ ಎತ್ತಿ ಇಳಿಸಿದ್ರೆ ಸಾಮಾನ್ಯ ಗಾಡಿಗೆ 20ರಿಂದ 30 ಮಿ.ಮೀ. ಆಡಬೇಕು, ನಿಮ್ಮ ಗಾಡಿಯದ್ದು ಕಂಪನಿ ಪುಸ್ತಕದಲ್ಲಿ ಉಂಟು. ಚಕ್ರ ತಿರುಗಿಸ್ತಾ ಅತಿ ಬಿಗಿ ಇರೋ ಜಾಗ ಹುಡುಕಿ ಅಲ್ಲೇ ಅಳೀಬೇಕು. ನೀವು, ನಿಮ್ಮ ಹಿಂದೆ ಅಡಿಕೆ ಮೂಟೆ ಕೂತ್ರೆ ಶಾಕ್ ಕುಗ್ಗಿ ಚೈನ್ ಇನ್ನೂ ಬಿಗೀತದೆ. ಆಗ ಗೇರ್ ಬಾಕ್ಸಿನ ಬೇರಿಂಗ್ ಅಳೂದು.

ಮೇಷ್ಟ್ರು: ಎರಡೂ ಕಡೆ ಅಡ್ಜಸ್ಟರ್ ಗೆರೆ ಸಮ ಇರ್ಲಿ. ಆಕ್ಸಲ್ ನಟ್ಟಿಗೆ ಸ್ಪ್ಲಿಟ್ ಪಿನ್ ಇದ್ರೆ ಹೊಸದೇ ಹಾಕಿ. ಐದು ರೂಪಾಯಿ ಉಳಿಸೂದಕ್ಕೆ ಚಕ್ರ ಕಳಕೊಳ್ಳೂದು ಬೇಡ.

ಗೌಡ್ರು: ಎಣ್ಣೆ?

ಭಟ್ರು: 500 ಕಿ.ಮೀ.ಗೆ ಒಂದ್ಸಲ, ಅಂದ್ರೆ ಶಿವಮೊಗ್ಗಕ್ಕೆ ನಾಲ್ಕು ಸಲ ಹೋಗಿ ಬಂದಷ್ಟು. ಮಳೆಗಾಲದಲ್ಲಿ ಇನ್ನೂ ಬೇಗ. ಸೀಮೆಎಣ್ಣೆಯಲ್ಲಿ ತೊಳೆದು, ಒಣಗಿಸಿ, 90 ಗೇರ್ ಆಯಿಲ್ ತೆಳ್ಳಗೆ ಬಿಡಿ. ಕೊಂಡಿಗಳಲ್ಲಿ ರಬ್ಬರ್ ಉಂಗುರ ಇರೋ ಓ-ರಿಂಗ್ ಚೈನಾದ್ರೆ ಪೆಟ್ರೋಲೂ ಬೇಡ, ತಂತಿ ಬ್ರಷ್ಷೂ ಬೇಡ. ಮತ್ತೆ, ಎಂಜಿನ್ ಓಡಿಸಿ ಗೇರಲ್ಲಿಟ್ಟು ಒರೆಸೂದು ಅಂತೂ ಬೇಡವೇ ಬೇಡ. ಬೆರಳಿನ ಸೆಟ್ ಯಾವ ಅಂಗಡಿಯಲ್ಲೂ ಮಾರೂದಿಲ್ಲ.

ಗೌಡ್ರು: ಹಂಗಾದ್ರೆ ಕೊಂಡಿ ಎಣಿಸಿ ಆದ್ಮೇಲೆ ಹಳೇ ಚೈನ್ ತೋಟದ ಗೇಟಿಗೆ ಕಟ್ತೇನೆ.

ಮಾಣಿ: ಗೇಟಿಗೂ ಅಡ್ಜಸ್ಟರ್ ಹಾಕ್ಲಾ ಗೌಡ್ರೇ?