ಮುಟ್ಟು ನಿಂತು ವರ್ಷಗಳಾದ ಮೇಲೆ ರಕ್ತ: ಬಯಾಪ್ಸಿ ಬೇಕೇ?

ಪ್ರಶ್ನೆ:
ನನಗೆ 58 ವರ್ಷ. ಮುಟ್ಟು ನಿಂತು ಎಷ್ಟೋ ವರ್ಷವಾಯಿತು. ಕಳೆದ ತಿಂಗಳು ಒಳಉಡುಪಿನಲ್ಲಿ ಕಂದು ಕಲೆ ಕಂಡಿತು, ಮೊನ್ನೆ ಮತ್ತೆ ಬಂತು, ಈ ಸಲ ಕೆಂಪಾಗಿಯೇ. ನೋವಿಲ್ಲ. ಸ್ಕ್ಯಾನ್‌ನಲ್ಲಿ ಗರ್ಭಕೋಶದ ಒಳಪದರ 8 ಮಿ.ಮೀ. ಎಂದಿದೆ. ಡಾಕ್ಟರು ಬಯಾಪ್ಸಿ ಬರೆದಿದ್ದಾರೆ. ಹೋದ ವರ್ಷದ ಪ್ಯಾಪ್ ಸ್ಮಿಯರ್ ಸರಿಯಾಗಿತ್ತು. ‘ಎರಡು ಹನಿಗೆ ಇಷ್ಟೆಲ್ಲ ಏಕೆ’ ಎನ್ನುತ್ತಾಳೆ ಅಕ್ಕ. ನಿಜವಾಗಿ ಬೇಕೇ?

ಉತ್ತರ 1:
ಬೇಕು. ಅಕ್ಕನ ಮಾತು ಪಕ್ಕಕ್ಕಿರಲಿ. ಸ್ತ್ರೀರೋಗ ವಿಭಾಗದಲ್ಲಿ ನರ್ಸ್ ಆಗಿದ್ದು ನಿವೃತ್ತಳಾದವಳು ನಾನು. ಈ ವಿಷಯದಲ್ಲಿ ನನಗೆ ತಾಳ್ಮೆ ಕಡಿಮೆ. ಒಂದು ವರ್ಷ ಮುಟ್ಟಾಗದೆ ಇದ್ದು ಆಮೇಲೆ ಒಂದೇ ಹನಿ ಕಂಡರೂ ಕಾರಣ ಹುಡುಕಲೇಬೇಕು.

ಹಾಗೆಂದು ನಿದ್ದೆಗೆಡಬೇಡಿ. ಈಸ್ಟ್ರೋಜನ್ ಹಾರ್ಮೋನ್ ಕುಗ್ಗಿ ಯೋನಿಯ ಅಥವಾ ಗರ್ಭಕೋಶದ ಪದರ ತೆಳುವಾಗಿ ಒಣಗಿರುವುದೇ ಎಷ್ಟೋ ಮಂದಿಯಲ್ಲಿ ಕಾರಣ. ಕೆಲವರಲ್ಲಿ ಪಾಲಿಪ್, ಅಂದರೆ ಪದರದಿಂದ ಚಾಚಿಕೊಂಡು ಬೆಳೆದ ಸಣ್ಣ ಗಂಟು. ಹೀಗೆ ರಕ್ತ ಕಂಡವರಲ್ಲಿ ಕ್ಯಾನ್ಸರ್ ಇರುವುದು ಸುಮಾರು ಹತ್ತರಲ್ಲಿ ಒಬ್ಬರಿಗೆ. ಆದರೆ ಗರ್ಭಕೋಶದ ಒಳಪದರದ ಕ್ಯಾನ್ಸರ್ ಇರುವವರಲ್ಲಿ ಹತ್ತಕ್ಕೆ ಒಂಬತ್ತು ಮಂದಿಗೆ ರಕ್ತಸ್ರಾವ ಇದ್ದೇ ಇರುತ್ತದೆ. ಬೇಗ ಸಿಕ್ಕರೆ ಚಿಕಿತ್ಸೆಯೂ ಸುಲಭ.

ಪದರ 4 ಮಿ.ಮೀ. ಒಳಗಿದ್ದರೆ ಕ್ಯಾನ್ಸರ್ ತೀರಾ ಅಪರೂಪ. ನಿಮ್ಮದು 8. ಅದು ಪಾಲಿಪ್ಪೋ, ಪದರ ಅತಿಯಾಗಿ ಬೆಳೆದದ್ದೋ, ಮತ್ತೊಂದೋ ಎಂದು ಸ್ಕ್ಯಾನ್ ಖಚಿತವಾಗಿ ಹೇಳಲಾರದು. ಪ್ಯಾಪ್ ಸ್ಮಿಯರ್ ನೋಡುವುದು ಗರ್ಭಕೊರಳನ್ನು, ಅದರ ಮೇಲೆ ಭರವಸೆ ಇಟ್ಟು ಕೂರಬೇಡಿ.

ಬಯಾಪ್ಸಿ ಎಂದರೆ ಕತ್ತರಿ, ಹೊಲಿಗೆ ಏನೂ ಇಲ್ಲ. ಸುಮಾರು 3 ಮಿ.ಮೀ. ದಪ್ಪದ, ಬಾಗುವ ಪ್ಲಾಸ್ಟಿಕ್ ಕೊಳವೆಯನ್ನು ಗರ್ಭಕೊರಳಿನ ಮೂಲಕ ಒಳಗಿಟ್ಟು, ಅದರೊಳಗಿನ ಕಡ್ಡಿಯನ್ನು ಹಿಂದಕ್ಕೆಳೆಯುತ್ತಾರೆ. ಕೊಳವೆಯನ್ನು ತಿರುಗಿಸಿದಂತೆ ಪದರದ ಚೂರುಗಳು ಅದರೊಳಕ್ಕೆ ಬರುತ್ತವೆ. ಆ ಹೊತ್ತಿಗೆ ಕಿಬ್ಬೊಟ್ಟೆ ಮುಟ್ಟಿನ ನೋವಿನಂತೆ ಹಿಂಡುತ್ತದೆ, ಕೆಲವರಿಗೆ ಜೋರಾಗಿಯೇ. ಮೊದಲೇ ನೋವಿನ ಮಾತ್ರೆ ಕೇಳಿ, ಸಂಕೋಚ ಬೇಡ.

ಉತ್ತರ 2:
ನನ್ನ ಬಯಾಪ್ಸಿಯಲ್ಲಿ ಏನೂ ಸಿಗಲಿಲ್ಲ, ಆದರೆ ರಕ್ತ ನಿಲ್ಲಲಿಲ್ಲ. ಹಿಸ್ಟೆರೊಸ್ಕೋಪಿ (ಸಣ್ಣ ಕ್ಯಾಮೆರಾ ಇಟ್ಟು ಗರ್ಭಕೋಶದ ಒಳಗೆ ನೋಡುವುದು) ಮಾಡಿದಾಗ ಪಾಲಿಪ್ ಕಂಡಿತು, ಆಗಲೇ ತೆಗೆದರು. ವರದಿ ಸರಿಯಿದ್ದೂ ಮತ್ತೆ ಕಲೆ ಕಂಡರೆ ಬಿಡದೆ ಹೋಗಿ.

ಪ್ರಶ್ನೆ ಕೇಳಿದವರು:
ಹೃದಯಕ್ಕಾಗಿ ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದೇನೆ. ಅದರಿಂದಲೇ ಆಗಿರಬಹುದೇ?

ಉತ್ತರ 1:
ಆಗಬಹುದು, ಆದರೆ ಅದನ್ನೇ ಕಾರಣವೆಂದು ಪರೀಕ್ಷೆ ಬಿಡುವಂತಿಲ್ಲ. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಲೂಬೇಡಿ. ಬಯಾಪ್ಸಿಗೆ ಮೊದಲೇ ಡಾಕ್ಟರಿಗೆ ತಿಳಿಸಿ. ಹಾರ್ಮೋನ್ ಮಾತ್ರೆ, ಸ್ತನ ಕ್ಯಾನ್ಸರ್‌ಗೆ ಕೊಡುವ ಟ್ಯಾಮಾಕ್ಸಿಫೆನ್ ತೆಗೆದುಕೊಂಡಿದ್ದರೆ ಅದನ್ನೂ ಹೇಳಿ. ಇನ್ನೊಂದು: ಕಲೆ ಮೂತ್ರದಿಂದಲೋ ಮಲದ್ವಾರದಿಂದಲೋ ಬಂದಿದ್ದರೂ ಒಳಉಡುಪಿನಲ್ಲಿ ಒಂದೇ ಥರ ಕಾಣುತ್ತದೆ. ಮೂತ್ರ ಮಾಡಿ ಒರೆಸಿದಾಗ ಎಲ್ಲಿ ಕೆಂಪಾಗುತ್ತದೆ ಎಂದು ಈ ಸಲ ಗಮನಿಸಿ.