ಕಪ್ಪು ಕಾರಿನ ಮೇಲೆ ಸುತ್ತು ಸುತ್ತು ಗೆರೆ, ಮನೆಯಲ್ಲೇ ಪಾಲಿಶ್ ಮಾಡಬಹುದಾ?

ಸೇಡಂ ರಸ್ತೆಯವ:
ಕಲಬುರಗಿ ಕಡೆಯವರು ಯಾರಾದ್ರೂ ಇದ್ದರೆ ಹೇಳಿ. ಸೆಕೆಂಡ್ ಹ್ಯಾಂಡ್ ತಗೊಂಡ ಕಪ್ಪು ಕಾರು. ಮನೆ ಹತ್ತಿರ ಶೆಡ್ ಇಲ್ಲ, ಗಾಡಿ ಬಯಲಲ್ಲೇ ನಿಲ್ಲುತ್ತೆ. ನೆರಳಲ್ಲಿ ಚೆನ್ನಾಗೇ ಕಾಣುತ್ತೆ. ಬಿಸಿಲಿಗೆ ಬಂತು ಅಂದ್ರೆ ಬಾನೆಟ್ ತುಂಬ ಸಣ್ಣ ಸಣ್ಣ ಗೆರೆ, ಜೊತೆಗೆ ಬೋರ್ ನೀರಿನ ಬಿಳಿ ಚುಕ್ಕೆ. ರೂಫ್ ಮೇಲೆ ಕೈ ಆಡಿಸಿದರೆ ಮರಳು ಮರಳು. ಒಂದು ಅಂಗಡಿಯಲ್ಲಿ ಗಾಡಿ ಸರಿಯಾಗಿ ನೋಡದೇನೇ ಸೆರಾಮಿಕ್ ಕೋಟಿಂಗ್ (ಪೇಂಟ್ ಕಾಪಾಡೋಕೆ ಮೇಲೆ ಬಳಿಯೋ ಗಟ್ಟಿ ಪದರ) ಮಾಡಿಸಿ ಅಂದರು, ರೇಟ್ ಕೇಳಿ ವಾಪಸ್ ಬಂದೆ. ಮನೇಲಿ ಡ್ರಿಲ್ ಮಷಿನ್ ಇದೆ. ಅದಕ್ಕೆ ಸ್ಪಂಜ್ ಪ್ಯಾಡ್ ಹಾಕಿ ರಬ್ಬಿಂಗ್ ಪಾಲಿಶ್ ಹೊಡೆದರೆ ನಡೆಯುತ್ತಾ? ನಮ್ಮ ಕಾಕಾ ಟೂತ್‌ಪೇಸ್ಟ್ ಸಾಕು ಅಂತಿದ್ದಾರೆ.

ಗ್ಯಾರೇಜ್ ಹುಚ್ಚ:
ಕಾಕಾ ಅವರಿಗೆ ನಮಸ್ಕಾರ ಹೇಳಿ, ಪೇಸ್ಟ್ ಹಲ್ಲಿಗೇ ಇರಲಿ. ಡ್ರಿಲ್ಲೂ ಬೇಡ ತಮ್ಮಾ. ಅದು ಒಂದೇ ಜಾಗದಲ್ಲಿ ಗರಗರ ತಿರುಗುತ್ತೆ, ಪೇಂಟ್ ಬಿಸಿಯಾಗುತ್ತೆ, ಬಾಗಿಲಿನ ಅಂಚಲ್ಲಿ ಸ್ವಲ್ಪ ಜಾಸ್ತಿ ಒತ್ತಿದರೆ ಒಳಗಿನ ಪ್ರೈಮರ್ ಕಾಣಿಸುತ್ತೆ. ಬಣ್ಣದ ಮೇಲಿರೋ ಕ್ಲಿಯರ್ ಕೋಟ್, ಅಂದ್ರೆ ಬಣ್ಣವಿಲ್ಲದ ಹೊಳಪಿನ ಪದರ, ಸಾಮಾನ್ಯವಾಗಿ 40-50 ಮೈಕ್ರಾನ್ ಅಷ್ಟೇ, ತಲೆಕೂದಲಿಗಿಂತ ತೆಳು. ಪಾಲಿಶ್ ಅಂದ್ರೆ ಅದನ್ನೇ ಇನ್ನಷ್ಟು ಸವೆಸೋದು, ಹೋಗಿದ್ದು ತಿರುಗಿ ಬರಲ್ಲ. ಡಿಎ (ಡ್ಯುಯಲ್ ಆ್ಯಕ್ಷನ್) ಪಾಲಿಶರ್ ಅಂತ ಮಷಿನ್ ಬರುತ್ತೆ, ತಿರುಗುತ್ತಾ ಅಲುಗಾಡುತ್ತೆ, ಹೊಸಬರ ಕೈಗೆ ಅದೇ ಸೇಫ್. ಬಾಡಿಗೆಗೆ ಸಿಕ್ಕರೂ ಸಾಕು.

ಮೊದಲು ಗೆರೆಗೆ ಅಡ್ಡವಾಗಿ ಉಗುರು ಎಳೆದು ನೋಡಿ. ಉಗುರು ಸಿಕ್ಕಿಕೊಂಡರೆ ಪಾಲಿಶ್‌ಗೆ ಹೋಗೋ ಗೆರೆ ಅಲ್ಲ, ಸುಮ್ನೆ ಬಿಟ್ಟುಬಿಡಿ. ಇನ್ನು ಸೆರಾಮಿಕ್ ಗೆರೆ ತೆಗೆಯಲ್ಲ. ಗೆರೆ ಹಾಗೇ ಇರುವಾಗ ಬಳಿದರೆ ಅದರ ಮೇಲೇ ಬೀಗ ಹಾಕಿದ ಹಾಗೆ.

ವಾಡಿ ಜಂಕ್ಷನ್:
ಎಲ್ಲರೂ ಪಾಲಿಶ್ ಪಾಲಿಶ್ ಅಂತೀರಿ, ಧೂಳಿನ ಮಾತು ಯಾರೂ ಎತ್ತಲ್ಲ. ನಮ್ಮ ಕಡೆ ಶಹಾಬಾದ್ ಕಲ್ಲಿನ ಪುಡಿ, ಸಿಮೆಂಟ್ ಲಾರಿ ಧೂಳು, ದಾಲ್ ಮಿಲ್ ಹೊಟ್ಟು ಎಲ್ಲಾ ರೂಫ್ ಮೇಲೇ ಕೂರುತ್ತೆ. ಬೆಳಗ್ಗೆ ಎದ್ದು ಒಣ ಬಟ್ಟೆಯಲ್ಲಿ ಫಟಫಟ ಒರೆಸ್ತೀವಲ್ಲ, ಆ ಸುತ್ತು ಗೆರೆ ಬರೋದು ಅಲ್ಲಿಂದಲೇ. ಅದನ್ನ ನಿಲ್ಲಿಸದೆ ಎಷ್ಟು ಪಾಲಿಶ್ ಹೊಡೆದರೂ ದಂಡ. ಮೊದಲು ಬರೀ ನೀರು ಜೋರಾಗಿ ಬಿಟ್ಟು ಧೂಳು ಇಳಿಸಿ. ಆಮೇಲೆ ಕಾರ್ ಶಾಂಪೂ, ಎರಡು ಬಕೆಟ್: ಒಂದರಲ್ಲಿ ಶಾಂಪೂ ನೀರು, ಇನ್ನೊಂದು ಬಟ್ಟೆ ಜಾಲಿಸೋಕೆ. ಸಿಮೆಂಟ್ ಧೂಳು ಇಬ್ಬನಿಗೆ ನೆನೆದು ಗಟ್ಟಿಯಾಗಿದ್ದರೆ ಕೆರೆಯಬೇಡಿ. ಬಿಳಿ ವಿನೆಗರ್‌ಗೆ ಅಷ್ಟೇ ನೀರು ಸೇರಿಸಿ, ಬಟ್ಟೆ ಅದ್ದಿ ಅದರ ಮೇಲೆ ಒಂದೆರಡು ನಿಮಿಷ ಇಡಿ. ಹುಳಿಗೆ ಸುಣ್ಣ ಕರಗುತ್ತೆ. ಬೋರ್ ನೀರಿನ ಚುಕ್ಕೆಗೂ ಇದೇ ಮದ್ದು. ಒಣಗೋಕೆ ಬಿಡದೆ ಚೆನ್ನಾಗಿ ತೊಳೀರಿ.

ಸೇಡಂ ರಸ್ತೆಯವ:
ಒಣ ಬಟ್ಟೆ ಕಾರ್ಯಕ್ರಮ ನಮ್ಮ ಮನೇಲಿ ದಿನಾ ನಡೆಯುತ್ತೆ ಅಣ್ಣಾ 😄 ಇವತ್ತಿಂದ ಬಂದ್. ಉಗುರು ಎಲ್ಲೂ ಸಿಕ್ಕಲಿಲ್ಲ. ಆದ್ರೆ ಬಾನೆಟ್ ಹಳೇ ಓನರ್ ಪೇಂಟ್ ಮಾಡಿಸಿದ್ದಂತೆ. ಅದಕ್ಕೂ ಮಷಿನ್ ಹಚ್ಚಬಹುದಾ?

ಗ್ಯಾರೇಜ್ ಹುಚ್ಚ:
ಮತ್ತೆ ಪೇಂಟ್ ಆಗಿದ್ದರೆ ಕ್ಲಿಯರ್ ಎಷ್ಟು ದಪ್ಪ ಹೊಡೆದಿದ್ದಾರೋ ಹೇಳೋಕಾಗಲ್ಲ. ಬಿಳಿ ಬಟ್ಟೆಗೆ ಸ್ವಲ್ಪ ಪಾಲಿಶ್ ಹಚ್ಚಿ ಮೂಲೆಯಲ್ಲಿ ಕೈಯಿಂದ ಉಜ್ಜಿ ನೋಡಿ. ಬಟ್ಟೆಗೆ ಕಪ್ಪು ಬಂದರೆ ಮೇಲೆ ಕ್ಲಿಯರ್ ಇಲ್ಲ ಅಂತ, ಬಾನೆಟ್‌ಗೆ ಮಷಿನ್ ಹಚ್ಚಲೇಬೇಡಿ, ಕೈಯಲ್ಲಿ ವ್ಯಾಕ್ಸ್ ಅಷ್ಟೇ.

ಕಪ್ಪು ಬರದಿದ್ದರೆ ತೊಳೆದ ಮೇಲೆ ಕ್ಲೇ ಬಾರ್ (ಅಂಟಿದ ಕೊಳೆ ಎತ್ತೋ ಜೇಡಿಮಣ್ಣಿನಂಥ ಮೆತ್ತನೆ ತುಂಡು) ತಗೊಳ್ಳಿ, ಶಾಂಪೂ ನೀರು ಹಾಕಿ ಮೆಲ್ಲಗೆ ಜಾರಿಸಿ, ಆ ಮರಳು ಮರಳು ಹೋಗುತ್ತೆ. ಕ್ಲೇ ಕೆಳಗೆ ಬಿತ್ತಾ, ಎಸೆದುಬಿಡಿ. ರಬ್ಬರ್, ಕಪ್ಪು ಪ್ಲಾಸ್ಟಿಕ್ ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿ, ಇಲ್ಲಾಂದ್ರೆ ಬಿಳಿ ಕಲೆ ಕೂತುಬಿಡುತ್ತೆ. ಆಮೇಲೆ ಮಷಿನ್‌ಗೆ ಮೆತ್ತನೆ ಫೋಮ್ ಪ್ಯಾಡ್, ನುಣುಪಾದ (ಫೈನ್) ಪಾಲಿಶ್, ಒಂದು ಸಲಕ್ಕೆ ಎರಡಡಿ ಚೌಕ ಮಾತ್ರ. ಅಷ್ಟಕ್ಕೇ ಗೆರೆ ಹೋದರೆ ಕಾಂಪೌಂಡ್, ಅಂದ್ರೆ ಪೇಂಟ್ ಜಾಸ್ತಿ ಸವೆಸೋ ಒರಟು ಪಾಲಿಶ್, ಮುಟ್ಟಲೇಬೇಡಿ.

ಬೀದರ್ ಕೋಟೆ:
ಒಂದು ಮಾತು ಸೇರಿಸ್ತೀನಿ. ಏಪ್ರಿಲ್-ಮೇ ಬಿಸಿಲಲ್ಲಿ ಮಧ್ಯಾಹ್ನ ಈ ಕೆಲಸಕ್ಕೆ ಕೈ ಹಾಕಬೇಡಿ. ಬಾನೆಟ್ ಮೇಲೆ ಅಂಗೈ ಇಡೋಕಾಗದಷ್ಟು ಕಾದಿರುತ್ತೆ, ಪಾಲಿಶ್ ಅಲ್ಲೇ ಒಣಗಿ ಹಿಡಿದುಕೊಳ್ಳುತ್ತೆ. ಬೆಳಗ್ಗೆ ಬೇಗ, ನೆರಳಲ್ಲಿ, ಗಾಳಿ ಇಲ್ಲದಾಗ ಮಾಡಿ. ನನ್ನ ಕೇಳಿದರೆ ದಿನಾ ಓಡಿಸೋ ಗಾಡಿಗೆ ಗೆರೆ ಪೂರ್ತಿ ಹೋಗಬೇಕು ಅನ್ನೋ ಹಟ ಬೇಡ. ಮುಕ್ಕಾಲು ಹೋದರೆ ಸಾಕು, ಮೇಲೆ ವ್ಯಾಕ್ಸ್ ಹಚ್ಚಿ ಓಡಿಸಿ.

ಸೇಡಂ ರಸ್ತೆಯವ:
ಈ ಭಾನುವಾರ ಬರೀ ತೊಳೆಯೋದು, ವಿನೆಗರ್, ಕ್ಲೇ. ಡಿಎ ಮಷಿನ್ ಕಲಬುರಗಿಯಲ್ಲಿ ಬಾಡಿಗೆಗೆ ಕೊಡೋರು ಯಾರಾದ್ರೂ ಇದ್ದರೆ ಮೆಸೇಜ್ ಮಾಡಿ.